ಹೈಸ್ಕೂಲಿನಲ್ಲಿ ಆಧುನಿಕ ಜಗತ್ತಿನ ಇತಿಹಾಸ: ಯಾವ ಮಗುವಿಗೆ ಯಾವ ಪಠ್ಯಕ್ರಮ?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು. ಮಗಳು ಒಂಬತ್ತನೇ ತರಗತಿಗೆ ಬರುತ್ತಿದ್ದಾಳೆ, ರಾಜ್ಯ ಪಠ್ಯಕ್ರಮದಲ್ಲೇ ಮುಂದುವರಿಸಬೇಕೇ, ಸಿಬಿಎಸ್‌ಇಗೆ ಸೇರಿಸಬೇಕೇ, ಸಾಲ ಮಾಡಿಯಾದರೂ ಬ್ರಿಟನ್ನಿನ ಕೇಂಬ್ರಿಜ್ ನಡೆಸುವ ಐಜಿಸಿಎಸ್‌ಇ ಓದಿಸಿದರೆ ಒಳ್ಳೆಯದೇ? ನಾನು ಇತಿಹಾಸದ ಮೇಷ್ಟ್ರು. ನನ್ನ ವಿಷಯದ ಮಟ್ಟಿಗೆ ಮಾತ್ರ ಉತ್ತರ ಹೇಳಬಲ್ಲೆ. ಆದರೆ ಆ ಉತ್ತರ ಸಣ್ಣದಲ್ಲ. ಕರ್ನಾಟಕದ ರಾಜ್ಯ ಪಠ್ಯಕ್ರಮ ಒಂಬತ್ತು, ಹತ್ತನೇ ತರಗತಿಗಳ ಗಣಿತ, ವಿಜ್ಞಾನಕ್ಕೆ ಸಿಬಿಎಸ್‌ಇ ಶಾಲೆಗಳು ಬಳಸುವ ಎನ್‌ಸಿಇಆರ್‌ಟಿ ಪಠ್ಯವನ್ನೇ ಅಳವಡಿಸಿಕೊಂಡು ವರ್ಷಗಳಾದವು. ಆ ಎರಡು ವಿಷಯಗಳಿಗಾಗಿ ರಾಜ್ಯ ಪಠ್ಯಕ್ರಮ ಬಿಟ್ಟು ಸಿಬಿಎಸ್‌ಇಗೆ ಹೋಗುವವರಿಗೆ ಪುಸ್ತಕದಲ್ಲಿ ಸಿಗುವ ಹೊಸದು ಕಡಿಮೆ. ನಿಜವಾದ ವ್ಯತ್ಯಾಸ ಉಳಿದಿರುವುದು ಭಾಷೆಗಳಲ್ಲಿ ಮತ್ತು ಸಮಾಜ ವಿಜ್ಞಾನದಲ್ಲಿ. ಅದರಲ್ಲೂ ಜಗತ್ತಿನ ಇತಿಹಾಸವನ್ನು ಹೇಳುವ ರೀತಿಯಲ್ಲಿ ಒಂದೊಂದು ಪಠ್ಯಕ್ರಮ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿದೆ.

ಇದು ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಒಂದು ಡಿಸೆಂಬರ್ ಸಂಜೆ, ನನ್ನ ಮನೆಯ ಊಟದ ಮೇಜಿನ ಸುತ್ತ. ಪಾಠಕ್ಕೆ ಬರುವ ಮೂವರು ಮಕ್ಕಳು ಕುಳಿತಿದ್ದರು: ಒಬ್ಬ ಕನ್ನಡ ಮಾಧ್ಯಮದ ಹತ್ತನೇ ತರಗತಿಯವನು, ಒಬ್ಬಳು ಸಿಬಿಎಸ್‌ಇ, ಇನ್ನೊಬ್ಬ ಐಜಿಸಿಎಸ್‌ಇ. ನಾಲ್ಕನೆಯವಳು ನನ್ನ ಅಕ್ಕನ ಮಗಳು, ನ್ಯೂಜೆರ್ಸಿಯಿಂದ ರಜೆಗೆ ಬಂದವಳು. ನಾಲ್ವರ ಪುಸ್ತಕದಲ್ಲೂ 1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದ ಇತ್ತು. ಆದರೆ ನಾಲ್ವರ ಮುಂದಿದ್ದ ಪ್ರಶ್ನೆಗಳೇ ಬೇರೆ. ಮೊದಲನೆಯವನಿಗೆ, ಒಪ್ಪಂದದ ಪರಿಣಾಮಗಳನ್ನು ಪಟ್ಟಿ ಮಾಡಬೇಕು. ಸಿಬಿಎಸ್‌ಇ ಹುಡುಗಿಗೆ, ಸೋತ ಜರ್ಮನಿಯ ವೈಮಾರ್ ಗಣರಾಜ್ಯ ಎದುರಿಸಿದ ಸಮಸ್ಯೆಗಳನ್ನು ವಿವರಿಸಬೇಕು. ಮೂರನೆಯವನಿಗೆ, ಈ ಶಾಂತಿ ಒಪ್ಪಂದ ನ್ಯಾಯಯುತವಾಗಿತ್ತೇ ಎಂದು ವಾದಿಸಬೇಕು. ಅಕ್ಕನ ಮಗಳ ಮುಂದೆ ಏಳು ದಾಖಲೆಗಳ ಒಂದು ಕಟ್ಟು. ಯುದ್ಧಾನಂತರದ ವ್ಯವಸ್ಥೆಗೆ ಏಷ್ಯಾ, ಆಫ್ರಿಕಾದ ಜನ ಹೇಗೆ ಪ್ರತಿಕ್ರಿಯಿಸಿದರು ಎಂಬುದನ್ನು ಅವುಗಳ ಆಧಾರದ ಮೇಲೆ ಬರೆಯಬೇಕು.

ಐಜಿಸಿಎಸ್‌ಇ ಹುಡುಗನ ಪುಸ್ತಕದಲ್ಲಿ 1919ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಬಂದ ವ್ಯಂಗ್ಯಚಿತ್ರವಿತ್ತು. ಒಪ್ಪಂದ ಮುಗಿಸಿ ಹೊರಬರುತ್ತಿರುವ ನಾಯಕರು. ಕಂಬದ ಹಿಂದೆ ಬೆತ್ತಲೆ ಮಗುವೊಂದು ಅಳುತ್ತಿದೆ. ಮಗುವಿನ ತಲೆಯ ಮೇಲೆ 1940 ಎಂಬ ಇಸವಿ. ಒಪ್ಪಂದ ನ್ಯಾಯವೇ ಎಂದು ನಾನು ಕನ್ನಡ ಮಾಧ್ಯಮದ ಹುಡುಗನನ್ನು ಕೇಳಿದಾಗ, "ಸರ್, ಅದು ನಮ್ಮ ಪುಸ್ತಕದಲ್ಲಿಲ್ಲ" ಎಂದಿದ್ದ. ಚಿತ್ರವನ್ನು ಅವನ ಮುಂದೆ ಸರಿಸಿದೆ. ಎರಡು ನಿಮಿಷ ನೋಡಿದ. ಬೆರಳು ಮಡಚಿ ಲೆಕ್ಕ ಹಾಕಿದ. "ಈ ಮಗು 1940ಕ್ಕೆ ಸೈನ್ಯಕ್ಕೆ ಸೇರುವ ವಯಸ್ಸಿಗೆ ಬರುತ್ತದೆ, ಅದಕ್ಕೇ ಅಳುತ್ತಿದೆ" ಎಂದ. ಚಿತ್ರವನ್ನು ತಿಂಗಳಿನಿಂದ ನೋಡುತ್ತಿದ್ದ ಪುಸ್ತಕದ ಒಡೆಯನಿಗೆ ಆ ಲೆಕ್ಕ ಹೊಳೆದಿರಲಿಲ್ಲ. ಯೋಚಿಸುವ ಶಕ್ತಿ ಹುಡುಗನಲ್ಲಿ ತುಂಬಾ ಇತ್ತು. ಅದನ್ನು ಕೇಳುವ ಪ್ರಶ್ನೆ ಅವನ ಪಾಲಿಗೆ ಬಂದಿರಲಿಲ್ಲ, ಅಷ್ಟೆ.

ಅಂದಿನಿಂದ ನಾನು ಪಠ್ಯಕ್ರಮಗಳನ್ನು ಪಾಠಗಳ ಸಂಖ್ಯೆಯಿಂದ ಅಳೆಯುವುದನ್ನು ಬಿಟ್ಟೆ. ನೋಡಬೇಕಾದ ಮೊದಲ ಸಂಗತಿ, ಎರಡು ವರ್ಷ ಪೂರ್ತಿ ಮಗು ಎಂಥ ಪ್ರಶ್ನೆಗೆ ಉತ್ತರ ಬರೆದು ಬರೆದು ಪಳಗುತ್ತದೆ ಎಂಬುದು. "ಯಾವಾಗ, ಯಾರು, ಎಷ್ಟು" ಎಂಬ ಪ್ರಶ್ನೆ ಒಂದು ಬಗೆಯ ಮನಸ್ಸನ್ನು ಕಟ್ಟುತ್ತದೆ. "ಏಕೆ, ಯಾರಿಗೆ, ಹೌದೇ" ಎಂಬ ಪ್ರಶ್ನೆ ಇನ್ನೊಂದು ಬಗೆಯದನ್ನು. ಎರಡನೆಯದು ವ್ಯಾಪ್ತಿ: ಆಧುನಿಕ ಜಗತ್ತು ಎಲ್ಲಿಂದ ಶುರುವಾಗಿ ಎಲ್ಲಿಗೆ ಬರುತ್ತದೆ, ಯಾವ ಖಂಡಗಳು ಬಿಟ್ಟುಹೋಗಿವೆ. ಮೂರನೆಯದು, ಆ ಕಾಲದವರೇ ಬರೆದ ಪತ್ರ, ಚಿತ್ರ, ಭಾಷಣ, ಅಂಕಿ ಅಂಶ ಮಗುವಿನ ಕೈಗೆ ಬರುತ್ತವೆಯೇ. ನಾಲ್ಕನೆಯದು ಭಾಷೆ. ಐದನೆಯದು ಹಣ, ಮತ್ತು ಹಣದ ಜೊತೆಗೇ ಬರುವ ಇನ್ನೊಂದು ಮಾತು: ಆ ಪಠ್ಯವನ್ನು ನಿಜವಾಗಿ ಕಲಿಸಬಲ್ಲ ಶಿಕ್ಷಕರು ನಿಮ್ಮ ಊರಿನಲ್ಲಿ ಇದ್ದಾರೆಯೇ. ಈ ಕೊನೆಯದನ್ನು ಮರೆತು ಪೇಚಿಗೆ ಸಿಕ್ಕಿದ ತಂದೆತಾಯಿಯರನ್ನು ಪ್ರತಿವರ್ಷ ನೋಡುತ್ತೇನೆ.

ವ್ಯಾಪ್ತಿಯ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ "ಆಧುನಿಕ" ಎಂಬ ಪದಕ್ಕೇ ಎಲ್ಲರೂ ಒಪ್ಪುವ ಆರಂಭವಿಲ್ಲ. ನಮ್ಮ ಕನ್ನಡ ಪಠ್ಯಗಳಲ್ಲಿ ಅದು 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದದ್ದು, ಪುನರುಜ್ಜೀವನ, ಸಮುದ್ರಯಾನಗಳ ಸುತ್ತ ಆರಂಭವಾಗುತ್ತದೆ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಪುಸ್ತಕ ಇಷ್ಟು ವರ್ಷ ನೇರವಾಗಿ 1789ರ ಪ್ಯಾರಿಸ್ಸಿನಲ್ಲಿ ಬಾಗಿಲು ತೆರೆಯುತ್ತಿತ್ತು. ಕೇಂಬ್ರಿಜ್‌ನ ಐಜಿಸಿಎಸ್‌ಇಯಲ್ಲಿ 20ನೇ ಶತಮಾನವನ್ನು ಆರಿಸಿಕೊಂಡರೆ ಕಥೆ 1919ರಿಂದ. ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದಲ್ಲಿ ಕಲಿಸುವ ಎ.ಪಿ. ವಿಶ್ವ ಇತಿಹಾಸ 1200ಕ್ಕೇ ಹೋಗುತ್ತದೆ. 2018ರಲ್ಲಿ ಆ ಕೋರ್ಸನ್ನು 1450ರಿಂದ ಶುರು ಮಾಡುವುದಾಗಿ ಘೋಷಿಸಿದ್ದರು. ಹಾಗೆ ಮಾಡಿದರೆ ಯುರೋಪಿನ ಹಡಗುಗಳು ಹೊರಟ ಮೇಲೆ ಮಾತ್ರ ಜಗತ್ತು ಇತ್ತು ಎಂದಾಗುತ್ತದೆ ಎಂದು ಶಿಕ್ಷಕರೂ ವಿದ್ಯಾರ್ಥಿಗಳೂ ಪ್ರತಿಭಟಿಸಿದರು, ಗಡಿ 1200ಕ್ಕೆ ಸರಿಯಿತು. ಎಲ್ಲಿಂದ ಶುರು ಮಾಡುತ್ತೇವೆ ಎಂಬುದರಲ್ಲೇ ಕಥೆಯ ನಾಯಕ ಯಾರು ಎಂಬುದು ಅರ್ಧ ತೀರ್ಮಾನವಾಗಿರುತ್ತದೆ.

ರಾಜ್ಯ ಪಠ್ಯಕ್ರಮ

ಇದರ ಮೊದಲ ಗುಣ ಕನ್ನಡ. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. "ಸರ್ವಾಧಿಕಾರಿ" ಎಂಬ ಪದವನ್ನು ಕನ್ನಡದ ಮಗು ಬಿಡಿಸಿ ನೋಡಬಲ್ಲದು: ಎಲ್ಲ ಅಧಿಕಾರವೂ ಒಬ್ಬನ ಕೈಯಲ್ಲಿ. "ನಿಶ್ಶಸ್ತ್ರೀಕರಣ", "ಶೀತಲ ಸಮರ", "ಏಕೀಕರಣ" ಕೂಡ ಹಾಗೆಯೇ. ಇಂಗ್ಲಿಷ್ ಮಾಧ್ಯಮದಲ್ಲಿ ಇದೇ ಪದಗಳನ್ನು ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳು ಅರ್ಥ ಕೇಳಿದರೆ ತಡವರಿಸುವುದನ್ನು ಕಂಡಿದ್ದೇನೆ. ಇಟಲಿ, ಜರ್ಮನಿಯ ಏಕೀಕರಣವನ್ನು ಕರ್ನಾಟಕದ ಏಕೀಕರಣದ ಪಕ್ಕದಲ್ಲಿಟ್ಟು ಪಾಠ ಮಾಡಿದರೆ ತರಗತಿಯ ಕೊನೆಯ ಬೆಂಚೂ ಕಿವಿ ನಿಮಿರಿಸುತ್ತದೆ.

ವ್ಯಾಪ್ತಿಯೂ ದೊಡ್ಡದೇ. ಒಂಬತ್ತರಲ್ಲಿ ಪುನರುಜ್ಜೀವನ, ಮತಸುಧಾರಣೆ, ಕೈಗಾರಿಕಾ ಕ್ರಾಂತಿ, ಅಮೆರಿಕ ಮತ್ತು ಫ್ರಾನ್ಸಿನ ಕ್ರಾಂತಿಗಳು, ಇಟಲಿ, ಜರ್ಮನಿಗಳ ಏಕೀಕರಣ. ಹತ್ತರಲ್ಲಿ ಎರಡು ಮಹಾಯುದ್ಧಗಳು, ರಷ್ಯಾ ಮತ್ತು ಚೀನಾದ ಕ್ರಾಂತಿಗಳು, ಫ್ಯಾಸಿಸಂ, ನಾಜಿಸಂ, ಶೀತಲ ಸಮರ. ತೊಂದರೆ ಇರುವುದು ವೇಗದಲ್ಲಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಸಮಾಜ ವಿಜ್ಞಾನ ಎಂಬ ಒಂದೇ ವಿಷಯದೊಳಗೆ ತುಂಬಿವೆ. 20ನೇ ಶತಮಾನದ ಜಗತ್ತು ಹತ್ತನೇ ತರಗತಿಯ ಇತಿಹಾಸದ ತುದಿಯಲ್ಲಿ ಬರುತ್ತದೆ. ಆ ಹೊತ್ತಿಗೆ ಶಾಲೆಯಲ್ಲಿ ಪುನರಾವರ್ತನೆಯ ಗಡಿಬಿಡಿ ಶುರುವಾಗಿರುತ್ತದೆ. ನಾಲ್ಕು ವರ್ಷದ ಯುದ್ಧ ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಮುಗಿದುಹೋಗುತ್ತದೆ. ಮೂಲ ಆಕರಗಳು ಬಹುತೇಕ ಇಲ್ಲ. ಪ್ರಶ್ನೆಗಳು ಹೆಚ್ಚಾಗಿ ಕಾರಣ, ಪರಿಣಾಮ, ಒಂದು ವಾಕ್ಯದ ಉತ್ತರ.

ಹಣದ ಮಾತು ಇಲ್ಲಿ ಏಳುವುದೇ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ ಉಚಿತ, ಉಳಿದವರು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಎಷ್ಟೋ ಪೋಷಕರಿಗೆ ಗೊತ್ತಿಲ್ಲದ ಇನ್ನೊಂದು ಅನುಕೂಲವೂ ಇದೆ. ಹತ್ತರ ನಂತರ ಕಲಾ ವಿಭಾಗಕ್ಕೆ ಹೋದರೆ ಪ್ರಥಮ ಪಿಯುಸಿಯ ಇತಿಹಾಸ ಜಗತ್ತಿನ ಇತಿಹಾಸವೇ. ಪ್ರಾಚೀನ ನಾಗರಿಕತೆಗಳಿಂದ ಹಿಡಿದು ಮಹಾಯುದ್ಧಗಳನ್ನು ದಾಟಿ ಸಮಕಾಲೀನ ಜಗತ್ತಿನವರೆಗೆ, ಅದೂ ಕನ್ನಡದಲ್ಲಿ. ಹೈಸ್ಕೂಲಿನಲ್ಲಿ ಓಡಿಸಿಬಿಟ್ಟದ್ದನ್ನು ಅಲ್ಲಿ ನಿಧಾನವಾಗಿ ಕಟ್ಟಿಕೊಳ್ಳಬಹುದು.

ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಪುಸ್ತಕಗಳು

ಇದರ ಬಗ್ಗೆ ನನಗೆ ಪ್ರೀತಿಯೂ ಇದೆ, ದೂರೂ ಇದೆ. 2006, 2007ರಲ್ಲಿ ಬಂದ ಒಂಬತ್ತು ಮತ್ತು ಹತ್ತನೇ ತರಗತಿಗಳ ಇತಿಹಾಸದ ಪುಸ್ತಕಗಳು ನಮ್ಮ ದೇಶದ ಮಕ್ಕಳಿಗೆ ಜಗತ್ತಿನ ಇತಿಹಾಸವನ್ನು ರಾಜರ, ಒಪ್ಪಂದಗಳ ಪಟ್ಟಿಯಿಂದ ಬಿಡಿಸಿ ಕೊಟ್ಟವು. ರಷ್ಯಾ ಕ್ರಾಂತಿಯ ಪಕ್ಕದಲ್ಲೇ ಕಾಡಿನ ಕಥೆ: 1910ರ ಬಸ್ತರ್ ದಂಗೆಯೂ, ಡಚ್ಚರ ಕೈಕೆಳಗಿನ ಜಾವಾದಲ್ಲಿ ಕಾಡು ಸರ್ಕಾರದ್ದಲ್ಲ ಎಂದು ಎದ್ದುನಿಂತ ಸಾಮಿನ್‌ನ ಹಳ್ಳಿಯವರೂ ಒಂದೇ ಪಾಠದಲ್ಲಿ. ಹತ್ತನೇ ತರಗತಿಯಲ್ಲಿ ಜಾಗತಿಕ ಜಗತ್ತು ರೂಪುಗೊಂಡ ಪಾಠವಿದೆ. 1890ರ ದಶಕದಲ್ಲಿ ದನಗಳಿಗೆ ಬಂದ ರಿಂಡರ್‌ಪೆಸ್ಟ್ ರೋಗ ಆಫ್ರಿಕಾದ ಜನರ ಬದುಕನ್ನು ಹೇಗೆ ಮುರಿಯಿತು, ದನ ಕಳೆದುಕೊಂಡವರು ಹೇಗೆ ಕೂಲಿಗಳಾದರು ಎಂದು ಅದು ಹೇಳುತ್ತದೆ. ದನ ಕಟ್ಟಿದ ಮನೆಯಿಂದ ಬಂದ ಮಗುವಿಗೆ ಈ ಪುಟವನ್ನು ಓದಿ ಹೇಳಿ ನೋಡಿ, ವಸಾಹತುಶಾಹಿ ಎಂದರೇನು ಎಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಆಕರಗಳ ವಿಷಯದಲ್ಲೂ ಅವು ಉದಾರ. ಚಿತ್ರ, ಪತ್ರ, ಭಾಷಣದ ತುಣುಕುಗಳು ಪುಟಪುಟದಲ್ಲಿ, ಅವುಗಳ ಮೇಲೆ ಪ್ರಶ್ನೆ. ಪರೀಕ್ಷೆಯಲ್ಲೂ ಆಕರವನ್ನು ಓದಿ ಉತ್ತರಿಸುವ ಭಾಗವಿದೆ, ನಕ್ಷೆಯ ಕೆಲಸವಿದೆ. ಫ್ರಾನ್ಸ್ ಕ್ರಾಂತಿಯ ಪಾಠದ ಕೊನೆಯಲ್ಲಿ ಆ ವಿಚಾರಗಳಿಗೆ ಸ್ಪಂದಿಸಿದವರೆಂದು ಟಿಪ್ಪು ಸುಲ್ತಾನ್ ಮತ್ತು ರಾಮಮೋಹನ ರಾಯರ ಹೆಸರು ಬರುತ್ತದೆ. ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ತಲುಪಬಹುದಾದ ಮೈಸೂರಿನ ಮಕ್ಕಳಿಗೆ ಆ ಒಂದು ವಾಕ್ಯ ಸಾಕು, ಪ್ಯಾರಿಸ್ ಹತ್ತಿರ ಬರಲು.

ಈಗ ದೂರು. ಬಿಡಿ ಬಿಡಿ ವಿಷಯಗಳನ್ನು ಆಳವಾಗಿ ತೋಡುವ ಭರದಲ್ಲಿ ನಡುವಿನ ದಾರಿಯೇ ತಪ್ಪಿದೆ. ಈ ಪುಸ್ತಕಗಳನ್ನು ಓದಿ ಹತ್ತನೇ ತರಗತಿ ಮುಗಿಸಿದ ಮಗುವಿಗೆ, ಮೊದಲ ಮಹಾಯುದ್ಧ ಏಕೆ ಶುರುವಾಯಿತು ಎಂಬುದಕ್ಕೆ ಮೀಸಲಾದ ಒಂದು ಪಾಠವೂ ಸಿಕ್ಕಿರುವುದಿಲ್ಲ. ಯುರೋಪಿನ ರಾಷ್ಟ್ರೀಯತೆಯ ಪಾಠ ಬಾಲ್ಕನ್ ಜಗಳದ ಹತ್ತಿರ ಬಂದು ನಿಲ್ಲುತ್ತದೆ. ಯುದ್ಧವು ಜರ್ಮನಿಯ, ರಷ್ಯಾದ, ಆರ್ಥಿಕತೆಯ ಪಾಠಗಳಲ್ಲಿ ಹಿನ್ನೆಲೆಯಾಗಿ ಹಾದುಹೋಗುತ್ತದೆ. ಶೀತಲ ಸಮರವಂತೂ ಹೈಸ್ಕೂಲಿನ ಇತಿಹಾಸಕ್ಕೆ ಬರುವುದಿಲ್ಲ. ಮೇಲಾಗಿ, ಕಳೆದ ಕೆಲವು ವರ್ಷಗಳಲ್ಲಿ ಪಾಠಗಳನ್ನು ಕಡಿತ ಮಾಡಿದ್ದಾರೆ. ಹನ್ನೊಂದನೇ ತರಗತಿಯ ಜಗತ್ತಿನ ಇತಿಹಾಸದಿಂದ ಕೈಗಾರಿಕಾ ಕ್ರಾಂತಿಯ ಪಾಠವನ್ನೇ ತೆಗೆದದ್ದು ನನಗೆ ಇಂದಿಗೂ ನುಂಗಲಾಗದ ತುತ್ತು. ಈಗ ಹೊಸ ಪಠ್ಯಪುಸ್ತಕಗಳು ತರಗತಿ ತರಗತಿಯಾಗಿ ಬರುತ್ತಿವೆ. ಆದ್ದರಿಂದ ಸೇರಿಸುವ ಮುನ್ನ ಆ ವರ್ಷದ ಪುಸ್ತಕದ ಪರಿವಿಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಪಕ್ಕದ ಮನೆಯ ಅಣ್ಣನ ಪುಸ್ತಕವನ್ನು ನಂಬಬೇಡಿ.

ಖರ್ಚಿನಲ್ಲಿ ಪುಸ್ತಕ ಅಗ್ಗ, ಜಾಲತಾಣದಲ್ಲಿ ಉಚಿತ, ದುಬಾರಿಯಾಗುವುದು ಶಾಲೆ. ಹತ್ತನೇ ತರಗತಿಯ 80 ಅಂಕಗಳ ಸಮಾಜ ವಿಜ್ಞಾನದಲ್ಲಿ ಇತಿಹಾಸದ ಪಾಲು 20. ಆ 20ಕ್ಕಾಗಿ ಎಷ್ಟು ಶಾಲೆಗಳು ಆ ಸೊಗಸಾದ ಪುಟಗಳನ್ನು ನಿಂತು ಓದಿಸುತ್ತವೆ? ನನ್ನ ಬಳಿ ಬರುವ ಸಿಬಿಎಸ್‌ಇ ಮಕ್ಕಳಲ್ಲಿ ಅರ್ಧಕ್ಕರ್ಧ ಪುಸ್ತಕವನ್ನು ತೆರೆದೇ ಇರುವುದಿಲ್ಲ. ಗೈಡಿನಿಂದ ಇಳಿಸಿದ ನೋಟ್ಸ್ ಅವರ ಕೈಯಲ್ಲಿರುತ್ತದೆ. ಒಳ್ಳೆಯ ಪುಸ್ತಕ ಕೆಟ್ಟ ಪಾಠಕ್ಕೆ ಸಿಕ್ಕರೆ ರಾಜ್ಯ ಪಠ್ಯಕ್ರಮಕ್ಕೂ ಅದಕ್ಕೂ ಏನೂ ಅಂತರ ಉಳಿಯುವುದಿಲ್ಲ.

ಐಸಿಎಸ್‌ಇ

ಸಿಬಿಎಸ್‌ಇಯಂತೆಯೇ ದೇಶದ ಉದ್ದಗಲಕ್ಕೂ ಇರುವ, ಇನ್ನೊಂದು ಮಂಡಳಿಯ ಹತ್ತನೇ ತರಗತಿಯ ಪರೀಕ್ಷೆ ಇದು. ಇದರ ಬಗ್ಗೆ ಚಿಕ್ಕದಾಗಿ ಹೇಳಬಹುದು. ಇತಿಹಾಸ ಮತ್ತು ಪೌರನೀತಿಗೆ 80 ಅಂಕಗಳ ಪ್ರತ್ಯೇಕ ಪ್ರಶ್ನೆಪತ್ರಿಕೆ ಇರುವುದರಿಂದ ವಿಷಯಕ್ಕೆ ಸಮಯವೂ ಮರ್ಯಾದೆಯೂ ಸಿಗುತ್ತದೆ. ಒಂಬತ್ತರಲ್ಲಿ ಪುನರುಜ್ಜೀವನ, ಮತಸುಧಾರಣೆ, ಕೈಗಾರಿಕಾ ಕ್ರಾಂತಿ. ಹತ್ತರಲ್ಲಿ ಎರಡು ಮಹಾಯುದ್ಧಗಳು, ಸರ್ವಾಧಿಕಾರಿಗಳ ಏಳಿಗೆ, ವಿಶ್ವಸಂಸ್ಥೆ, ಅಲಿಪ್ತ ಚಳವಳಿ. ಎಲ್ಲವೂ ಅಚ್ಚುಕಟ್ಟು, ಕಾರಣಗಳು ಅಂಶ ಅಂಶವಾಗಿ. ನೆನಪಿನ ಶಕ್ತಿ ಚೆನ್ನಾಗಿರುವ, ಇಂಗ್ಲಿಷ್ ಬರವಣಿಗೆ ಸಲೀಸಾಗಿರುವ ಮಗುವಿಗೆ ಇದು ಒಗ್ಗುತ್ತದೆ. ಆದರೆ ಈ ಎರಡು ವರ್ಷಗಳಲ್ಲಿ ಫ್ರಾನ್ಸ್ ಕ್ರಾಂತಿಯೂ ಇಲ್ಲ, ರಷ್ಯಾ ಕ್ರಾಂತಿಗೆ ಪಾಠವೂ ಇಲ್ಲ. ಈ ಎರಡನ್ನು ಬಿಟ್ಟು ಸರ್ವಾಧಿಕಾರವನ್ನು ಅರ್ಥ ಮಾಡಿಸುವುದು ನನಗೆ ಯಾವಾಗಲೂ ಕಷ್ಟವಾಗಿದೆ. ಪುಸ್ತಕಗಳು ಖಾಸಗಿ ಪ್ರಕಾಶಕರವು, ಬೆಲೆ ಹೆಚ್ಚು, ಗುಣಮಟ್ಟ ಒಂದೊಂದರದು ಒಂದೊಂದು ರೀತಿ.

ಕೇಂಬ್ರಿಜ್ ಐಜಿಸಿಎಸ್‌ಇ

ಪ್ರಶ್ನೆಯ ಬಗೆಯೊಂದನ್ನೇ ನೋಡಿದರೆ ಇದಕ್ಕೆ ಮೊದಲ ಸ್ಥಾನ. ಇಡೀ ಪಠ್ಯಕ್ರಮವನ್ನೇ ಪ್ರಶ್ನೆಗಳ ರೂಪದಲ್ಲಿ ಕಟ್ಟಿದ್ದಾರೆ: ಶಾಂತಿ ಒಪ್ಪಂದ ನ್ಯಾಯವೇ? ರಾಷ್ಟ್ರಸಂಘ ಎಷ್ಟರ ಮಟ್ಟಿಗೆ ಗೆದ್ದಿತು? 1939ರ ಹೊತ್ತಿಗೆ ಶಾಂತಿ ಏಕೆ ಕುಸಿಯಿತು? ಶೀತಲ ಸಮರಕ್ಕೆ ಹೊಣೆ ಯಾರು? ಜೊತೆಗೆ ಜರ್ಮನಿ, ರಷ್ಯಾ ಮುಂತಾದವುಗಳಲ್ಲಿ ಒಂದನ್ನು ಆಳವಾಗಿ ಓದಬೇಕು. ಒಂದು ಪ್ರಶ್ನೆಪತ್ರಿಕೆ ಪೂರ್ತಿ ಆಕರಗಳದ್ದೇ. ಈ ವ್ಯಂಗ್ಯಚಿತ್ರ ಬರೆದವನು ಯಾವ ದೇಶದವನು, ಯಾವ ವರ್ಷ, ಯಾರನ್ನು ಒಪ್ಪಿಸಲು ಬರೆದ ಎಂದು ಅನುಮಾನಿಸಿ ಓದುವ ಅಭ್ಯಾಸವನ್ನು ಅದು ಮಾಡಿಸುತ್ತದೆ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುವ ಈ ಕಾಲದಲ್ಲಿ ಆ ಅಭ್ಯಾಸದ ಬೆಲೆ ಏನೆಂದು ಹೇಳಬೇಕಿಲ್ಲ.

ಬಿಟ್ಟುಕೊಡಬೇಕಾದದ್ದು ಕಡಿಮೆಯೇನಲ್ಲ. 20ನೇ ಶತಮಾನದ ಆಯ್ಕೆಯಲ್ಲಿ ಫ್ರಾನ್ಸ್ ಕ್ರಾಂತಿಯೂ ಕೈಗಾರಿಕಾ ಕ್ರಾಂತಿಯೂ ಬರುವುದಿಲ್ಲ. ಭಾರತವಂತೂ ಹುಡುಕಿದರೂ ಸಿಗುವುದು ಅಪರೂಪ. ಆ ಸಂಜೆ ನಾನು ನಾಲ್ವರನ್ನೂ ಕೇಳಿದ್ದೆ, ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ಯಾರು ಎಂದು. ಭಾರತ ಸಹಿ ಹಾಕಿತ್ತು ಎಂಬುದೇ ನಾಲ್ವರಿಗೂ ಹೊಸ ಸುದ್ದಿ. ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರಗಳ ಮಂತ್ರಿಯಾಗಿದ್ದ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್ ಸಹಿ ಹಾಕಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಿಗೆ ಹೋಗಿ ದುಡಿದ, ಕಾದಿದ ಯುದ್ಧ ಅದು. ಅದನ್ನು ಒಂದು ವರ್ಷ ಓದಿ, ಆ ಹತ್ತು ಲಕ್ಷ ಜನರನ್ನು ಒಮ್ಮೆಯೂ ಎದುರುಗೊಳ್ಳದೆ ಹೋಗುವುದು ಕನ್ನಡದ ಮಗುವಿಗೆ ದೊಡ್ಡ ನಷ್ಟ.

ಹಣದ ವಿಷಯ ಬಿಚ್ಚಿ ಹೇಳುತ್ತೇನೆ. ಶಾಲೆಯ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿ, ಪರೀಕ್ಷಾ ಶುಲ್ಕ ವಿಷಯವಿಷಯಕ್ಕೂ ಪ್ರತ್ಯೇಕವಾಗಿ ಸಾವಿರಗಳಲ್ಲಿ. ಅಷ್ಟು ಕೊಟ್ಟ ಮೇಲೂ, ಇತಿಹಾಸ ತೆಗೆದುಕೊಳ್ಳುವ ಮಕ್ಕಳು ಸಾಕಷ್ಟಿಲ್ಲವೆಂದು ಶಾಲೆ ಆ ವಿಷಯವನ್ನೇ ನಡೆಸದಿರಬಹುದು. ನನಗೆ ಗೊತ್ತಿರುವ ಒಂದು ಕುಟುಂಬ ಇತಿಹಾಸಕ್ಕಾಗಿಯೇ ಮಗನನ್ನು ಸೇರಿಸಿತು. ಎರಡನೇ ತಿಂಗಳಲ್ಲಿ ಶಾಲೆ ಅವನನ್ನು ವ್ಯವಹಾರ ಅಧ್ಯಯನಕ್ಕೆ ತಿರುಗಿಸಿತು. ಶುಲ್ಕ ಕಟ್ಟುವ ಮುನ್ನ ಈ ವರ್ಷ ಇತಿಹಾಸದ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಕಲಿಸುವವರು ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನು ಬರಹದಲ್ಲಿ ಕೇಳಿ. ಸಾಲ ಮಾಡಿ ಓದಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಇತಿಹಾಸಕ್ಕಾಗಿಯಾದರೆ ಬೇಡ. ಅದು ಕೊಡುವ ಅತ್ಯುತ್ತಮ ಅಭ್ಯಾಸವನ್ನು ಮನೆಯಲ್ಲೇ ಕೊಡಬಹುದು, ಹೇಗೆಂದು ಮುಂದೆ ಹೇಳುತ್ತೇನೆ.

ಅಮೆರಿಕದ ಎ.ಪಿ. ವಿಶ್ವ ಇತಿಹಾಸ

ಹೊರದೇಶದ ಕನ್ನಡಿಗರಿಗಾಗಿ ಇದನ್ನು ಸೇರಿಸುತ್ತಿದ್ದೇನೆ. ಅಲ್ಲಿನ ಹೈಸ್ಕೂಲಿನಲ್ಲಿ ಎ.ಪಿ. ವಿಶ್ವ ಇತಿಹಾಸ ತೆಗೆದುಕೊಳ್ಳಬೇಕೇ, ಎ.ಪಿ. ಯುರೋಪ್ ಇತಿಹಾಸವೇ, ಸಾಮಾನ್ಯ ತರಗತಿಯೇ ಸಾಕೇ ಎಂದು ಕೇಳುತ್ತಾರೆ. ವಿಶ್ವ ಇತಿಹಾಸದ ಪರೀಕ್ಷೆ 3 ಗಂಟೆ 15 ನಿಮಿಷದ್ದು: 55 ಬಹು ಆಯ್ಕೆಯ ಪ್ರಶ್ನೆಗಳು, ಮೂರು ಕಿರು ಉತ್ತರಗಳು, ಏಳು ದಾಖಲೆಗಳನ್ನು ಓದಿ ಬರೆಯುವ ಒಂದು ಪ್ರಬಂಧ, ಇನ್ನೊಂದು ದೀರ್ಘ ಪ್ರಬಂಧ. ಶುಲ್ಕ ಅಮೆರಿಕದಲ್ಲಿ ಸುಮಾರು 100 ಡಾಲರ್. ಒಳ್ಳೆಯ ಅಂಕ ಬಂದರೆ ಹಲವು ಕಾಲೇಜುಗಳು ಮಾನ್ಯ ಮಾಡುತ್ತವೆ.

ಇದರ ಹೆಚ್ಚುಗಾರಿಕೆ ಹೋಲಿಕೆ. 1919ನ್ನು ಇದು ಪ್ಯಾರಿಸ್ಸಿನಿಂದ ಮಾತ್ರ ನೋಡುವುದಿಲ್ಲ. ಚೀನಾದ ಶಾಂಡೊಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ಕೊಟ್ಟದ್ದಕ್ಕೆ ಮೇ 4ರಂದು ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ವರ್ಷ ಈಜಿಪ್ಟ್ ಬ್ರಿಟಿಷರ ವಿರುದ್ಧ ಎದ್ದಿತು. ಅಮೃತಸರದಲ್ಲಿ ಜಲಿಯನ್‌ವಾಲಾ ಬಾಗ್ ನಡೆಯಿತು. ಇವೆಲ್ಲವನ್ನೂ ಒಂದೇ ಕಣ್ಣಳತೆಯಲ್ಲಿ ನೋಡಲು ಕಲಿಸುವ ಹೈಸ್ಕೂಲು ಕೋರ್ಸು ಬೇರೆ ನಾನು ಕಂಡಿಲ್ಲ. ಆರಂಭದ ಘಟಕದಲ್ಲೇ ಉದಾಹರಣೆಗಳ ಸಾಲಿನಲ್ಲಿ ವಿಜಯನಗರವಿದೆ, ಭಕ್ತಿ ಚಳವಳಿಯಿದೆ. ಬಸವಣ್ಣನವರು ಮಾತ್ರ 1200ರ ಗೆರೆಯ ಆಚೆ ಉಳಿದುಬಿಡುತ್ತಾರೆ. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು ತನ್ನ ಭಕ್ತಿ ಚಳವಳಿಯ ಟಿಪ್ಪಣಿಯ ಅಂಚಿನಲ್ಲಿ "ಕಲ್ಯಾಣ, 12ನೇ ಶತಮಾನ" ಎಂದು ಬರೆದುಕೊಂಡಳು.

ಕೊರತೆ ಎಂದರೆ ಉಸಿರುಗಟ್ಟಿಸುವ ವೇಗ. ಎಂಟು ಶತಮಾನ, ಒಂಬತ್ತು ಘಟಕ, ಒಂದು ಶೈಕ್ಷಣಿಕ ವರ್ಷ. ಓದಿನ ವೇಗ ಕಡಿಮೆಯಿರುವ ಮಗುವಿಗೆ ಇದು ಇತಿಹಾಸದ ಮೇಲೆ ಹೇವರಿಕೆ ತರಿಸಬಹುದು. ಅಂಥ ಮಗುವಿಗೆ ಸಾಮಾನ್ಯ ತರಗತಿಯೇ ಹಿತ. ಎ.ಪಿ. ಯುರೋಪ್ 1450ರಿಂದ ಒಂದೇ ಖಂಡವನ್ನು ಹಿಡಿದು ಸಾಗುವುದರಿಂದ ಕಥೆಯ ಎಳೆ ಗಟ್ಟಿ. ಆದರೂ, ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದ ಮಗುವಿಗೆ ಎರಡರಲ್ಲೊಂದು ಆರಿಸಬೇಕಾದರೆ ವಿಶ್ವ ಇತಿಹಾಸವನ್ನೇ ಆರಿಸಿ ಎನ್ನುತ್ತೇನೆ.

ಹಾಗಾದರೆ ಯಾರಿಗೆ ಯಾವುದು?

ಮಗು ಕನ್ನಡದಲ್ಲಿ ಯೋಚಿಸುತ್ತದೆ, ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ಒಳ್ಳೆಯವರು ಎಂದರೆ ರಾಜ್ಯ ಪಠ್ಯಕ್ರಮವನ್ನು ಬಿಡಬೇಡಿ. ಐಎಎಸ್ ಕನಸಿದ್ದರೂ ಇದು ಅಡ್ಡಿಯಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ 18ನೇ ಶತಮಾನದಿಂದೀಚೆಗಿನ ಜಗತ್ತಿನ ಇತಿಹಾಸವಿದೆ: ಕೈಗಾರಿಕಾ ಕ್ರಾಂತಿ, ಮಹಾಯುದ್ಧಗಳು, ವಸಾಹತುಗಳ ಬಿಡುಗಡೆ, ಸಮತಾವಾದ, ಬಂಡವಾಳವಾದ. ಈ ಪಟ್ಟಿಯನ್ನು ನಮ್ಮ ರಾಜ್ಯದ ಒಂಬತ್ತು, ಹತ್ತು, ಪ್ರಥಮ ಪಿಯುಸಿ ಪುಸ್ತಕಗಳು ಬಹುಪಾಲು ಮುಟ್ಟುತ್ತವೆ. ಕೆಲಸದಲ್ಲಿ ವರ್ಗಾವಣೆ ಇರುವ ಮನೆಯವರಿಗೆ ಸಿಬಿಎಸ್‌ಇ ಬಿಟ್ಟು ಬೇರೆ ದಾರಿ ಹುಡುಕುವ ಅಗತ್ಯವಿಲ್ಲ. ಪ್ರಶ್ನೆ ಕೇಳುವ, ಚಿತ್ರ ನೋಡುತ್ತ ಕೂರುವ ಮಗುವಿಗೂ ಅದು ಹಿಡಿಸುತ್ತದೆ, ಶಾಲೆ ಪುಸ್ತಕವನ್ನು ನಿಜವಾಗಿ ಓದಿಸಿದರೆ. ಕಾನೂನು ಓದಬೇಕೆಂದು ಈಗಲೇ ಹೇಳುವ, ವಾದ ಮಾಡದೆ ಊಟವಿಳಿಯದ ಮಗು ನಿಮ್ಮದಾಗಿದ್ದು, ಹಣದ ಅನುಕೂಲ ಇದ್ದು, ಶಾಲೆಯಲ್ಲಿ ಇತಿಹಾಸದ ಶಿಕ್ಷಕರು ಇರುವುದು ಖಚಿತವಾದರೆ ಐಜಿಸಿಎಸ್‌ಇ ಸಾರ್ಥಕ. ಬದಲಿಸುವುದಾದರೆ ಒಂಬತ್ತನೇ ತರಗತಿಯ ಆರಂಭದಲ್ಲೇ ಬದಲಿಸಿ. ಒಂಬತ್ತು ಮತ್ತು ಹತ್ತು ಎಲ್ಲ ಕಡೆಯೂ ಜೋಡಿ ಎತ್ತುಗಳ ಹಾಗೆ, ನಡುವೆ ನೊಗ ಕಳಚುವುದು ಕಷ್ಟ.

ಬಹುಪಾಲು ಓದುಗರಿಗೆ ಬದಲಿಸುವ ಅವಕಾಶವೇ ಇರುವುದಿಲ್ಲ ಎಂದು ಬಲ್ಲೆ. ಅವರಿಗೆ ಇನ್ನೊಂದು ದಾರಿ ಇದೆ: ಒಂದರ ಕೊರತೆಯನ್ನು ಇನ್ನೊಂದರ ಪುಸ್ತಕದಿಂದ ತುಂಬುವುದು. ರಾಜ್ಯದ ಪುಸ್ತಕವೂ ಎನ್‌ಸಿಇಆರ್‌ಟಿಯ ಪುಸ್ತಕವೂ ಜಾಲತಾಣದಲ್ಲಿ ಉಚಿತವಾಗಿ ಸಿಗುವಾಗ ಸಂಕೋಚವೇಕೆ? ಸಿಬಿಎಸ್‌ಇ ಮಗುವಿಗೆ ಮಹಾಯುದ್ಧಗಳ ಮತ್ತು ಶೀತಲ ಸಮರದ ಎಳೆಗಾಗಿ ನಮ್ಮ ರಾಜ್ಯದ ಹತ್ತನೇ ತರಗತಿಯ ಪಾಠ ಓದಿಸಿ. ಕನ್ನಡ ಬರುತ್ತಿದ್ದರೆ ಕನ್ನಡದಲ್ಲೇ. ರಾಜ್ಯ ಪಠ್ಯಕ್ರಮದ ಮಗುವಿಗೆ ಎನ್‌ಸಿಇಆರ್‌ಟಿಯ ನಾಜಿಸಂ ಪಾಠದ ಚಿತ್ರಗಳನ್ನು ತೋರಿಸಿ, ಜೊತೆಗೆ ಕುಳಿತು ಅರ್ಥ ಹೇಳಿ. ಕನ್ನಡದಲ್ಲೇ ಹೆಚ್ಚು ಬೇಕೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ವಾರಕ್ಕೊಮ್ಮೆ ಐಜಿಸಿಎಸ್‌ಇ ಬಗೆಯ ಒಂದು ಪ್ರಶ್ನೆ ಕೇಳಿ: ನ್ಯಾಯವೇ, ತಪ್ಪಿಸಬಹುದಿತ್ತೇ, ಹೊಣೆ ಯಾರು? ಒಂದು ಪುಟ ಬರೆಯಲಿ, ಎದುರು ಪಕ್ಷದ ವಾದಕ್ಕೂ ನಾಲ್ಕು ಸಾಲು ಕೊಡಲಿ.

ಯಾವ ಪಠ್ಯಕ್ರಮವೂ ಸಾಕಷ್ಟು ಕೊಡದ ಇನ್ನೊಂದು ಸಂಗತಿಯಿದೆ. ಅದಕ್ಕೆ ಬಸ್ ಚಾರ್ಜು ಸಾಕು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಸೇನೆಯ ದಂಡನಾಯಕ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ. 1799ರಲ್ಲಿ ಅದೇ ಕೋಟೆಯ ಮುಂದಿದ್ದ ಆರ್ಥರ್ ವೆಲ್ಲೆಸ್ಲಿ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನ ಎದುರು ನಿಂತ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಧಾರವಾಡದ ಕಡೆಯ ಹತ್ತಿಯ ಬೆಲೆ ಏರಿತು. ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಮಗುವನ್ನು ಕರೆದುಕೊಂಡು ಹೋಗಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಜೋಧಪುರದವರೊಂದಿಗೆ ಕುದುರೆಯೇರಿ ಗೆದ್ದ ಪಡೆ ಅದು. ನಮ್ಮವರು ಅಲ್ಲಿಗೆ ಏಕೆ ಹೋಗಿದ್ದರು, ಯಾರಿಗಾಗಿ ಕಾದಿದರು ಎಂದು ಅಲ್ಲಿ ನಿಂತು ಕೇಳಿದರೆ ಮಗು ಪುಸ್ತಕಕ್ಕೆ ತಾನಾಗಿಯೇ ಮರಳುತ್ತದೆ.

ಇನ್ನೂ ತೀರ್ಮಾನಕ್ಕೆ ಬರಲಾಗದಿದ್ದರೆ ಎರಡು ಭಾನುವಾರ ತೆಗೆದಿಡಿ. ರಷ್ಯಾ ಕ್ರಾಂತಿ ರಾಜ್ಯದ ಪುಸ್ತಕದಲ್ಲೂ ಇದೆ, ಎನ್‌ಸಿಇಆರ್‌ಟಿಯ ಈವರೆಗಿನ ಪುಸ್ತಕದಲ್ಲೂ ಇದೆ. ಮೊದಲ ಭಾನುವಾರ ಒಂದನ್ನು, ಮರುವಾರ ಇನ್ನೊಂದನ್ನು ಮಗುವಿನ ಕೈಗೆ ಕೊಡಿ, ಪಕ್ಕದಲ್ಲಿ ಕೂರಬೇಡಿ. ಸಂಜೆ ಊಟದ ಹೊತ್ತಿಗೆ, 1917ರಲ್ಲಿ ಪೆಟ್ರೋಗ್ರಾಡಿನ ಹೆಂಗಸರು ಬೀದಿಗೆ ಏಕೆ ಬಂದರು ಎಂದು ಕೇಳಿ. ಯಾವ ಭಾನುವಾರದ ಉತ್ತರ ತಟ್ಟೆಯ ಅನ್ನ ಆರುವವರೆಗೂ ಮುಗಿಯುವುದಿಲ್ಲವೋ, ಆ ಪುಸ್ತಕ ಓದಿಸುವ ಶಾಲೆಯ ಅರ್ಜಿಯನ್ನು ಸೋಮವಾರ ತನ್ನಿ.